ಏರಿನಲ್ಲಿ ಸೀದ ವಾಸನೆ

"ಇಳೀರಿ," ಎಂದರು ಮೇಷ್ಟ್ರು.

ಗಾಡಿ ಇನ್ನೂ ಏರಿನ ಅರ್ಧದಲ್ಲೇ ನಿಂತಿತ್ತು. ಮೇಲೆ ನೀರಿನ ಟ್ಯಾಂಕಿನ ದಪ್ಪ ಕಂಬಗಳು, ಹಿಂದೆ ರಸ್ತೆ ಜಾರಿ ಹೋಗಿ ಸೇರುವ ಪೇಟೆಯ ತಾರಸಿಗಳು. ಸೂಜಿಯಕ್ಕ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದಳು. ಸ್ಟೀರಿಂಗ್ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗುತ್ತಿತ್ತು. ಹಳೇ ಕಾಗದದ ಕಟ್ಟಿಗೆ ಬೆಂಕಿ ಹಚ್ಚಿ ಮೇಲೆ ನೀರು ಚಿಮುಕಿಸಿದರೆ ಬರುತ್ತದಲ್ಲ, ಅಂಥದ್ದು. ಗಂಟಲಲ್ಲಿ ಬಂದು ಕೂತರೆ ಏಳುವುದಿಲ್ಲ.

"ಕೇಳಿಸಲಿಲ್ವಾ ಮೇಡಂ? ರೂಲು ಅಂದ್ರೆ ರೂಲು. ವಾಸನೆ ಯಾರು ತಂದ್ರೋ ಅವರು ಕೆಳಗೆ. ಮುಂದಿನವರು ಬರ್ಲಿ."

ಆ ಡ್ರೈವಿಂಗ್ ಸ್ಕೂಲಿಗೆ ಇದ್ದದ್ದು ಒಂದೇ ಕಾರು, ಒಬ್ಬರೇ ಮೇಷ್ಟ್ರು. ಯಜಮಾನರೂ ಅವರೇ. ಕಾರಿನಿಂದ ಸುಟ್ಟ ವಾಸನೆ ಎದ್ದರೆ ಆಗ ಯಾರು ಓಡಿಸುತ್ತಿದ್ದರೋ ಅವರು ಇಳಿದು ರಸ್ತೆ ಬದಿಯಲ್ಲಿ ನಿಲ್ಲಬೇಕು. ಉಳಿದ ಹೊತ್ತೆಲ್ಲ ಬೇರೆಯವರಿಗೆ. ಇದು ಮೇಷ್ಟ್ರು ಮಾಡಿದ ಕಾನೂನು. ಕಾನೂನು ಮಾಡಿದವರು ಪಕ್ಕದ ಸೀಟಿನಲ್ಲಿ ಕೂತು ಮೂಗು ಮೇಲೆತ್ತಿ ಹಿಡಿದಿರುತ್ತಿದ್ದರು, ಯಾರ ಮನೆಯಲ್ಲಿ ಏನು ಸೀದಿದೆ ಎಂದು ಬೀದಿಯಲ್ಲಿ ನಿಂತು ಪತ್ತೆ ಹಚ್ಚುವವರ ಹಾಗೆ.

"ಮನೇಲಿ ಪಾತ್ರೆ ತಳ ಹಿಡಿಸ್ತೀರಿ, ಗಂಡ ಸುಮ್ಮನೆ ತಿಂದು ಎದ್ದು ಹೋಗ್ತಾನೆ," ಎಂದು ಮೇಷ್ಟ್ರು ಹಿಂದಿನ ಸೀಟಿನ ಕಡೆ ತಿರುಗಿ ನಕ್ಕರು. "ಗಾಡಿ ಸುಮ್ಮನಿರಲ್ಲ. ಊರಿಗೆಲ್ಲ ಸಾರಿ ಹೇಳುತ್ತೆ."

ಹಿಂದೆ ತಮ್ಮ ಸರದಿ ಕಾಯುತ್ತ ಇಬ್ಬರು ಕೂತಿದ್ದರು. ನಿವೃತ್ತ ಗುಮಾಸ್ತರು ಮೇಷ್ಟ್ರ ಜತೆ ನಕ್ಕರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವಾಕೆ ತಲೆ ತಗ್ಗಿಸಿ ತನ್ನ ಪಾದ ನೋಡಿಕೊಂಡಳು. ಮುಂದಿನ ಸರದಿ ಅವಳದು. ಮೊನ್ನೆ ಅವಳನ್ನೂ ಇಲ್ಲೇ ಇಳಿಸಿದ್ದರು.

ಸೂಜಿಯಕ್ಕನಿಗೆ ಮೈಯೆಲ್ಲ ಉರಿಯಿತು. ಹೋದ ವಾರ ಇದೇ ಏರಿನಲ್ಲಿ ಗುಮಾಸ್ತರು ಓಡಿಸುವಾಗಲೂ ಇದೇ ವಾಸನೆ ಬಂದಿತ್ತು. ಆಗ ಇದೇ ಮೇಷ್ಟ್ರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡು, "ಬಿಸಿಲು ನೋಡಿ ಸಾರ್. ಗಾಡೀನೂ ಪಾಪ ಹಳೇದು," ಎಂದಿದ್ದರು. ಗುಮಾಸ್ತರನ್ನು ಯಾರೂ ಇಳಿಸಲಿಲ್ಲ. ಗಂಡಸು ಓಡಿಸಿದರೆ ಹಳೆಯದಾಗುವ ಗಾಡಿ, ಹೆಂಗಸು ಕೂತ ಕೂಡಲೇ ಹೊಸದಾಗಿಬಿಡುತ್ತದೆಯೇ? ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ನಾಳಿದ್ದು ಪರೀಕ್ಷೆ. ಪರೀಕ್ಷೆಗೆ ಯಾರನ್ನು ಒಯ್ಯಬೇಕು ಎಂದು ತೀರ್ಮಾನಿಸುವವನು ಈ ಮನುಷ್ಯನೇ.

ಇಳಿದು ಮುಂದಿನ ಚಕ್ರದ ಪಕ್ಕ ನಿಂತಳು. ನಿಂತ ಕೂಡಲೇ ಸೀರೆ ದಾಟಿ ಮೊಣಕಾಲಿಗೆ ಕಾವು ತಟ್ಟಿತು. ಒಲೆಯ ಮುಂದೆ ನಿಂತ ಹಾಗೆ. ಮೂಗಿಗೂ ಏನೋ ಚುಚ್ಚಿತು. ಬಗ್ಗಿ ಚಕ್ರದ ಕಬ್ಬಿಣಕ್ಕೆ ಬೆರಳು ತಾಗಿಸಿ ಚಟ್ಟನೆ ಹಿಂದಕ್ಕೆಳೆದುಕೊಂಡಳು. ಹಿಂದಿನ ಚಕ್ರದ ಹತ್ತಿರ ಹೋಗಿ ಅದನ್ನೂ ಮುಟ್ಟಿ ನೋಡಿದಳು. ಅದು ಬರೀ ಬೆಚ್ಚಗಿತ್ತು.

ಮುಟ್ಟಿ ನೋಡುವುದು ಅವಳ ಕಸುಬು. ಒಂದು ರಕ್ತ ಪರೀಕ್ಷೆಯ ಲ್ಯಾಬಿಗಾಗಿ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವವಳು. ಅವಳು ಬಾಗಿಲಿಗೆ ಬಂದರೆ ಮಕ್ಕಳು "ಸೂಜಿಯಕ್ಕ ಬಂದ್ಲು" ಎಂದು ಒಳಗೆ ಓಡುತ್ತಿದ್ದವು. ಆ ಹೆಸರೇ ನಿಂತುಬಿಟ್ಟಿತ್ತು. ಊರಾಚೆಯ ಬಡಾವಣೆಗಳಲ್ಲಿ ಹಾಸಿಗೆ ಬಿಟ್ಟು ಏಳಲಾರದ ಮುದುಕರು ಅವಳ ದಾರಿ ಕಾಯುತ್ತಿದ್ದರು. ಅಲ್ಲಿಗೆ ಬಸ್ಸಿನಲ್ಲಿ ಹೋಗಿ, ಬಸ್ಸಿಗೆ ಕಾದು, ನಿಂತೇ ವಾಪಸು ಬರುವಷ್ಟರಲ್ಲಿ ಡಬ್ಬಿಯ ಮಂಜುಗಡ್ಡೆ ನೀರಾಗಿರುತ್ತಿತ್ತು, ರಕ್ತ ಕೆಟ್ಟಿರುತ್ತಿತ್ತು. ಮರುದಿನ ಅದೇ ಮುದುಕಿಯ ಒಣಗಿದ ತೋಳಿಗೆ ಇನ್ನೊಮ್ಮೆ ಚುಚ್ಚಬೇಕು. "ಯಾಕೆ ಮಗಳೇ, ನಿನ್ನೆ ಕೊಟ್ಟಿದ್ದು ಸಾಲಲಿಲ್ವಾ?" ಎಂದು ಮುದುಕಿ ಕೇಳಿದಾಗ ಏನು ಹೇಳುವುದು?

ಕೊನೆಗೂ ಲ್ಯಾಬಿನವರು ಕಾರು ಕೊಡಲು ಒಪ್ಪಿದ್ದರು. ಮುಂದಿನ ತಿಂಗಳ ಒಳಗೆ ಲೈಸೆನ್ಸ್ ತಂದರೆ ಆ ದಾರಿ ಅವಳದು. ಇಲ್ಲದಿದ್ದರೆ ಹೊಸದಾಗಿ ಸೇರಿದ ಹುಡುಗನದು. ಅವನಿಗೆ ಲೈಸೆನ್ಸ್ ಇತ್ತು. ನರ ಸಿಕ್ಕುತ್ತಿರಲಿಲ್ಲ, ಅಷ್ಟೇ. ಒಂದೇ ತೋಳಿನಲ್ಲಿ ಹುಡುಕಿ ಹುಡುಕಿ ನೀಲಿ ಮಾಡಿ ಬರುತ್ತಿದ್ದ.

ಪಾಠ ಮುಗಿದ ಮೇಲೆ ಅವಳು ಕೇಳಿದಳು. "ನಾಳಿದ್ದು ಪರೀಕ್ಷೆಗೆ ನನ್ನನ್ನೂ ಕರ್ಕೊಂಡು ಹೋಗ್ತೀರಿ ಅಲ್ವಾ ಮೇಷ್ಟ್ರೇ?"

"ಅಂದ್ಕೊಂಡಿದ್ದೆ. ಈ ಸಲ ಬೇಡ ಬಿಡಿ."

"ಯಾಕೆ? ರಿವರ್ಸ್ ಸರಿ ಇದೆ, ತಿರುವು ಸರಿ ಇದೆ ಅಂತ ನೀವೇ ಹೇಳಿದ್ರಿ."

"ಏರು ಇದೆಯಲ್ಲಮ್ಮಾ, ಏರು! ಆರ್‌ಟಿಓ ಸಾಹೇಬರ ಮೂಗಿನ ಕೆಳಗೆ ಹೊಗೆ ಎಬ್ಬಿಸಿದ್ರೆ ಮರ್ಯಾದೆ ಹೋಗೋದು ನನ್ನದು. ಕೆಲವರ ಕಾಲು ಕ್ಲಚ್ಚಿಗೆ ಹೇಳಿ ಮಾಡಿಸಿದ್ದಲ್ಲ. ಬೇಜಾರು ಮಾಡ್ಕೋಬೇಡಿ. ಇನ್ನೊಂದೆರಡು ತಿಂಗಳು ಬನ್ನಿ, ನೋಡೋಣ."

ನೋಡೋಣವಂತೆ. ಬೀದಿಯ ತುದಿ ಮುಟ್ಟುವವರೆಗೂ ಆ ಮಾತು ಅವಳ ಬೆನ್ನ ಹಿಂದೆಯೇ ಬಂತು.

ಸಂಜೆ ಅಕ್ಕನ ಇಸ್ತ್ರಿ ಅಂಗಡಿಗೆ ಹೋದಳು. ಅಕ್ಕ ಒಂದು ಬಿಳಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಓಡಿಸುತ್ತಿದ್ದಳು. ತಂಗಿಯ ಮುಖ ನೋಡಿದವಳೇ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ಟಳು.

"ಇಳಿಸಿದ್ನಾ?"

"ಹೂಂ."

"ನಾನು ಮೊದಲೇ ಹೇಳಿರಲಿಲ್ವೇನೇ? ನಮ್ಮಿಬ್ಬರದೂ ಅಪ್ಪನ ಕಾಲು. ಭಾರ. ಇಟ್ಟ ಕಡೆ ಒತ್ತಿಬಿಡುತ್ತೆ. ನನ್ನನ್ನೂ ಅದೇ ಟ್ಯಾಂಕಿನ ಹತ್ರಾನೇ ಇಳಿಸಿದ್ದು. ಮೂರನೇ ಸಲ ಆದ್ಮೇಲೆ ನಾನು ಆ ಕಡೆ ಮುಖ ಹಾಕಲಿಲ್ಲ."

ಅಕ್ಕ ಇದನ್ನು ನಗುತ್ತಲೇ ಹೇಳಿದಳು. ಎಷ್ಟೋ ವರ್ಷದ ಹಿಂದಿನ ಮಾತು. ಮನೆಮನೆಯಿಂದ ಬಟ್ಟೆ ತರಲು, ಕೊಡಲು ಒಂದು ಪುಟ್ಟ ವ್ಯಾನು ಇಟ್ಟುಕೊಳ್ಳಬೇಕೆಂದು ಹೊರಟಿದ್ದವಳು. ಆಮೇಲೆ ತಲೆಯ ಮೇಲೆ ಗಂಟು ಹೊತ್ತು ನಡೆದಳು, ಈಗಲೂ ನಡೆಯುತ್ತಿದ್ದಾಳೆ. ಕುತ್ತಿಗೆ ಒಂದು ಕಡೆಗೆ ವಾಲಿದೆ. ದಿನವಿಡೀ ಕೆಂಡದ ಜತೆ ಬಾಳುವ ಹೆಂಗಸು. ಪರರ ರೇಷ್ಮೆ, ಪರರ ಮಸ್ಲಿನ್, ಒಂದು ಎಳೆ ಕಂದಿಸಿದವಳಲ್ಲ. ಅಂಥವಳನ್ನು ನಿನ್ನ ಕಾಲೇ ಸುಡುವ ಕಾಲು ಎಂದು ಒಬ್ಬ ನಂಬಿಸಿಬಿಟ್ಟಿದ್ದ. ಅವಳು ನಂಬಿದ್ದಲ್ಲದೆ, ತೀರಿಕೊಂಡ ಅಪ್ಪನ ಕಾಲನ್ನೂ ಸಾಕ್ಷಿಗೆ ಎಳೆದು ತಂದಿದ್ದಳು.

"ಏನಾಗ್ತಿತ್ತು ಅಕ್ಕಾ ನಿಂಗೆ? ಸರಿಯಾಗಿ ಹೇಳು," ಎಂದಳು ಸೂಜಿಯಕ್ಕ.

"ಏನಿಲ್ಲ ಕಣೇ. ಪೆಡಲ್ಲು ಎಲ್ಲಿ ಹಿಡಿಯುತ್ತೆ ಅಂತಾನೇ ಗೊತ್ತಾಗ್ತಿರಲಿಲ್ಲ. ಸಪಾಟು ರಸ್ತೇಲಿ ಒಂದು ಕಡೆ, ಏರಿನಲ್ಲಿ ಇನ್ನೊಂದು ಕಡೆ. ಕಾಲು ಪೂರ್ತಿ ತೆಗೆದರೂ ಗಾಡಿ ಮುಂದೆ ಹೋಗೋಕೆ ಒಲ್ಲೆ ಅನ್ನೋದು, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದ ಹಾಗೆ. ನನ್ನ ಕಾಲಿಗೆ ಬುದ್ಧಿ ಇಲ್ಲ ಅಂತ ಸುಮ್ಮನಾದೆ."

ಸೂಜಿಯಕ್ಕ ಸ್ಟೂಲಿನಿಂದ ಎದ್ದು ನಿಂತಳು. ಇದನ್ನೇ, ಹೀಗೆಯೇ, ಅವಳೂ ಅನುಭವಿಸಿದ್ದಳು. ಲ್ಯಾಬಿನಲ್ಲಿ ಅವಳಿಗೆ ಕಲಿಸಿದ ಮೊದಲ ಪಾಠವೊಂದಿತ್ತು: ಸಂಬಂಧವಿಲ್ಲದ ಇಬ್ಬರ ರಕ್ತದಲ್ಲಿ ಒಂದೇ ಎಡವಟ್ಟು ಕಂಡರೆ ಇಬ್ಬರಿಗೂ ರೋಗ ಎನ್ನಬೇಡ, ಮೊದಲು ಮಿಷನ್ ನೋಡು. ಅಕ್ಕ ತಂಗಿ ಎಂದುಕೊಂಡು ಇಷ್ಟು ದಿನ ಕಾಲು ನೋಡುತ್ತ ಕೂತಿದ್ದಳು. ಔಷಧಿ ಅಂಗಡಿಯಾಕೆ ಯಾವ ಅಪ್ಪನ ಮಗಳು? ಅವಳನ್ನೂ ಇಳಿಸಿದ್ದರಲ್ಲ!

ಮರುದಿನ ಪಾಠಕ್ಕೆ ಮುಂಚೆಯೇ ಮೆಕ್ಯಾನಿಕ್ಕಿನ ತಗಡಿನ ಶೆಡ್ಡಿಗೆ ಹೋದಳು. ಸ್ಕೂಲಿನ ಕಾರು ರಾತ್ರಿ ಅಲ್ಲೇ ನಿಲ್ಲುತ್ತಿತ್ತು. ಮೆಕ್ಯಾನಿಕ್ ಬಾನೆಟ್ ತೆರೆದು ನೀರು, ಎಣ್ಣೆ ನೋಡುತ್ತಿದ್ದ.

"ತಮ್ಮಾ, ಒಂದು ಕೇಳ್ಬೇಕಿತ್ತು. ಸುಟ್ಟ ವಾಸನೆ ಬಂದ್ರೆ ಏನು ಸುಡ್ತಿದೆ ಅಂತ ಹೇಗೆ ತಿಳ್ಕೋತೀಯ?"

ಅವನಿಗೆ ಖುಷಿಯಾಯಿತು. ಗಾಡಿಯವರು ಅವನನ್ನು ಯಾವಾಗ ಆಗುತ್ತೆ ಎಂದಷ್ಟೇ ಕೇಳುತ್ತಿದ್ದರು, ಹೇಗೆ ಎಂದು ಕೇಳಿದವರಿರಲಿಲ್ಲ.

"ವಾಸನೇಲೂ ಜಾತಿ ಇದೆ ಅಕ್ಕಾ. ಸಿಹಿ ಸಿಹಿಯಾಗಿ ಬಂತು ಅನ್ನಿ, ರೇಡಿಯೇಟರ್ ನೀರು ಸೋರ್ತಿದೆ. ಪ್ಲಾಸ್ಟಿಕ್ ಸುಟ್ಟಂಗೆ ಬಂದ್ರೆ ವೈರು. ಅದಕ್ಕೆ ಮಾತ್ರ ತಡ ಮಾಡ್ಬಾರದು, ಆಫ್ ಮಾಡಿ ಇಳಿದುಬಿಡಬೇಕು. ಬಾಣಲೆ ಹೊಗೆ ಥರ ದಪ್ಪಕ್ಕೆ ಬಂದ್ರೆ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ತೊಟ್ಟಿಕ್ತಿದೆ. ಕಾಗದ ಸುಟ್ಟಂಗಿದ್ರೆ ಕ್ಲಚ್ಚು. ಬ್ರೇಕ್ ಬೇರೆ, ಅದು ಕೂದಲು ಸುಟ್ಟಂಗೆ, ಮೂಗಿಗೆ ಚುಚ್ಚುತ್ತೆ."

"ನಿನ್ನೆ ಕಾಗದದ ವಾಸನೆ. ಇಳಿದು ಚಕ್ರದ ಹತ್ರ ನಿಂತಾಗ ಚುಚ್ಚೋದೂ ಇತ್ತು."

ಮೆಕ್ಯಾನಿಕ್ಕಿನ ಕೈ ನಿಂತಿತು. "ಎರಡೂನಾ?" ಎಂದ. ಆಮೇಲೆ ಬಟ್ಟೆ ಚೂರು ತೆಗೆದುಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸತೊಡಗಿದ. "ಹ್ಯಾಂಡ್‌ಬ್ರೇಕ್ ಇಳಿಸೋದು ಮರೆತಿರ್ತೀರಿ ಅಕ್ಕಾ. ಹೊಸಬರಲ್ವಾ."

"ಹ್ಯಾಂಡ್‌ಬ್ರೇಕ್ ಈ ಗಾಡೀಲಿ ಯಾವ ಚಕ್ರ ಹಿಡಿಯುತ್ತೆ?"

"ಹಿಂದಿನವು."

"ಬೆರಳು ಸುಟ್ಟಿದ್ದು ಮುಂದಿನ ಚಕ್ರ. ಹಿಂದಿನವು ಬರೀ ಬೆಚ್ಚಗಿದ್ವು. ಏರು ಹತ್ತೋವಾಗ ನಾನ್ಯಾಕಪ್ಪಾ ಬ್ರೇಕ್ ತುಳೀಲಿ?"

ಅವನು ಸೊಂಟದವರೆಗೆ ಬಾನೆಟ್ಟಿನೊಳಗೆ ಇಳಿದುಹೋದ. ಗೊತ್ತಿರುವವನು ಬಾಯಿ ಮುಚ್ಚಿಕೊಂಡರೆ ಅವನ ಬೆನ್ನು ಹೇಗೆ ಕಾಣುತ್ತದೆ ಎಂದು ಸೂಜಿಯಕ್ಕ ಚೆನ್ನಾಗಿ ಬಲ್ಲಳು. ವರದಿ ಕೊಡುವಾಗ ಡಾಕ್ಟರರ ಬೆನ್ನು ಎಷ್ಟೋ ಸಲ ಹಾಗೆ ಕಂಡಿತ್ತು. ಅವಳು ಸುತ್ತಿ ಬಂದು ಮೇಷ್ಟ್ರ ಕಡೆಯ ಬಾಗಿಲು ತೆರೆದಳು.

ಕಲಿಸುವವರ ಸೀಟಿನ ಮುಂದೆ ಇನ್ನೊಂದು ಜೊತೆ ಪೆಡಲ್ ಇರುವುದು ಅವಳಿಗೆ ಗೊತ್ತಿದ್ದದ್ದೇ. ಕಲಿಯುವವರು ಕಂಗಾಲಾದರೆ ಗಾಡಿ ನಿಲ್ಲಿಸಲು ಒಂದು ಕ್ಲಚ್ಚು, ಒಂದು ಬ್ರೇಕು. ಆಪತ್ತಿಗೆ ಮಾತ್ರ. ಆಪತ್ತಿಗೆ ಮಾತ್ರ ಇರುವ ಪೆಡಲಿನ ರಬ್ಬರು ಅಷ್ಟೊಂದು ಸವೆಯುತ್ತದೆಯೇ? ದಿನವಿಡೀ ಎಲ್ಲರೂ ತುಳಿಯುವ ಡ್ರೈವರ್ ಕಡೆಯ ಪೆಡಲಿನಲ್ಲಿ ಗೆರೆಗಳು ಇನ್ನೂ ಇದ್ದವು. ಇಲ್ಲಿ ಗೆರೆಗಳೆಲ್ಲ ಮಾಯವಾಗಿ, ರಬ್ಬರು ತೂತಾಗಿ, ಒಳಗಿನ ಕಬ್ಬಿಣ ಹಿತ್ತಾಳೆಯ ಹಾಗೆ ಫಳಫಳ ಹೊಳೆಯುತ್ತಿತ್ತು. ಅವಳು ಬಗ್ಗಿ ಅಂಗೈಯಿಂದ ಕ್ಲಚ್ಚಿನ ಮೇಲೆ ಮೆಲ್ಲಗೆ ಒತ್ತಿದಳು. ಆ ಕಡೆ, ಯಾರೂ ಇಲ್ಲದ ಡ್ರೈವರ್ ಸೀಟಿನ ಮುಂದೆ, ಅವಳ ಪೆಡಲ್ ತಾನಾಗಿ ಒಂದಿಷ್ಟು ಕುಸಿಯಿತು.

"ನಿಂಗೆ ಗೊತ್ತಿತ್ತು," ಎಂದಳು.

ಮೆಕ್ಯಾನಿಕ್ ಈಗ ಎದ್ದು ನಿಂತ. "ಹಿಂದೊಂದ್ಸಲ ಹೇಳಿದ್ದೆ ಅಕ್ಕಾ. ಮೇಷ್ಟ್ರೇ, ಕಾಲು ಪೆಡಲ್ ಮೇಲೇ ಇಟ್ಕೊಂಡು ಕೂರ್ತೀರಿ, ಕ್ಲಚ್ ಪ್ಲೇಟು ಹಾಳಾಗೋದು ಅದಕ್ಕೇ, ಅಂತ. ಬ್ರೇಕ್ ಅರ್ಧ ಹಿಡಿದಿದ್ರೆ ಗಾಡಿ ಎಳೆಯಲ್ಲ, ಓಡಿಸೋರು ಇನ್ನೂ ರೇಸ್ ಕೊಡ್ತಾರೆ, ಕ್ಲಚ್ಚು ಇನ್ನೂ ಸುಡುತ್ತೆ. ಅವರಿಗೆ ಸಿಟ್ಟು ಬಂತು. ಆಮೇಲೆ ವರ್ಷ ಪೂರ್ತಿ ಗಾಡಿ ಈ ಕಡೆ ತಲೆ ಹಾಕಿ ಮಲಗಲಿಲ್ಲ. ನಂದೂ ಹೊಟ್ಟೆಪಾಡು."

"ನಿಂದು ಹೊಟ್ಟೆಪಾಡು. ರಸ್ತೇಲಿ ನಿಂತವರದ್ದು ಏನು, ಹವ್ಯಾಸವಾ?"

ಅವನು ತಲೆ ತಗ್ಗಿಸಿದ. ಅವಳಿಗೆ ಅವನ ಮೇಲೆ ಮರುಕ ಬರಬೇಕಿತ್ತೇನೋ, ಬರಲಿಲ್ಲ. ಆ ಟ್ಯಾಂಕಿನ ಕೆಳಗೆ ಕೈಚೀಲ ಹಿಡಿದು ನಿಂತ ಹೆಂಗಸರ ಸಾಲು ಅವಳ ಕಣ್ಣ ಮುಂದೆ ಬಂತು. ಹೋಗಿಬರುವವರು ನೋಡಿ ನಗುವಾಗ ಮುಖ ಎಲ್ಲಿಡಬೇಕೆಂದು ತಿಳಿಯದೆ ಫೋನು ನೋಡುವಂತೆ ನಟಿಸಿದವರು. ಮನೆಗೆ ಹೋಗಿ, ನನ್ನಿಂದ ಆಗಲ್ಲ ರೀ, ಎಂದವರು. ನಾನು ಹೇಳಿರಲಿಲ್ವಾ, ಎಂಬ ಮಾತು ಕೇಳಿಸಿಕೊಂಡು ಒಳಗೆ ಹೋದವರು. ಅಷ್ಟೂ ಜನರ ಕಾಲ ಮೇಲೆ ಒಬ್ಬನ ಕಾಲಿತ್ತು.

ಆ ದಿನ ಏರಿನ ಬುಡದಲ್ಲಿ ಅವಳ ಸರದಿ ಬಂದಾಗ ಸೂಜಿಯಕ್ಕ ಸೀಟು ಹೊಂದಿಸಿಕೊಂಡಳು, ಬೆಲ್ಟು ಹಾಕಿಕೊಂಡಳು, ಕನ್ನಡಿ ನೋಡಿದಳು. ಎಂಜಿನ್ ಚಾಲೂ ಮಾಡಲಿಲ್ಲ.

"ಏನು ಮುಹೂರ್ತ ಕಾಯ್ತಿದೀರಾ?" ಎಂದರು ಮೇಷ್ಟ್ರು.

"ನಿಮ್ಮ ಕಾಲು ಮೇಲಿಟ್ಕೊಳ್ಳಿ ಮೇಷ್ಟ್ರೇ."

"ಏನಂದ್ರಿ?"

"ಕಾಲು. ಎರಡೂ. ಸೀಟಿನ ಮೇಲೆ ಮಡಚಿ ಇಟ್ಕೊಳ್ಳಿ. ನಾನು ಮೇಲೆ ಹೋಗಿ ನಿಲ್ಲಿಸೋವರೆಗೂ ಕೆಳಗಿಳಿಸಬೇಡಿ."

ಹಿಂದೆ ಔಷಧಿ ಅಂಗಡಿಯಾಕೆ ಬಂದ ನಗುವನ್ನು ಕೆಮ್ಮಾಗಿ ಮಾಡಿಕೊಂಡಳು. ಗುಮಾಸ್ತರು ಮುಂದಕ್ಕೆ ಬಾಗಿದರು. "ಏನಮ್ಮಾ ಇದು, ಕಲಿಸೋರಿಗೆ ಹೀಗಾ ಮಾತಾಡೋದು?"

"ನಿಮ್ಮನ್ನ ಯಾವತ್ತಾದರೂ ಇಳಿಸಿದ್ರಾ ಸಾರ್? ಇಲ್ಲ ತಾನೇ. ಹಾಗಾದ್ರೆ ಸ್ವಲ್ಪ ಸುಮ್ಮನಿರಿ."

ಮೇಷ್ಟ್ರ ಮುಖ ಕೆಂಪೇರಿತು. "ಇಳೀರಿ ಗಾಡಿಯಿಂದ!"

"ಇಳಿಯಲ್ಲ. ವಾಸನೆ ಇನ್ನೂ ಬಂದಿಲ್ಲವಲ್ಲ. ರೂಲು ಅಂದ್ರೆ ರೂಲು."

"ನನ್ನ ಗಾಡೀಲಿ ಕೂತು ನನಗೇ..."

"ನಿಮ್ಮ ಗಾಡಿ ಸುಡ್ತಿರೋರು ನೀವೇ. ಶೆಡ್ಡಿನಲ್ಲಿ ನಿಮ್ಮ ಕಡೆ ಪೆಡಲ್ ನೋಡಿ ಬಂದೆ. ರಬ್ಬರು ತೂತು ಬಿದ್ದು ಕಬ್ಬಿಣ ಕಾಣ್ತಿದೆ. ಈಗಲೂ ನಿಮ್ಮ ಕಾಲು ಎಲ್ಲಿದೆ ನೋಡ್ಕೊಳ್ಳಿ."

ಎಲ್ಲರೂ ನೋಡಿದರು. ಗಾಡಿ ನಿಂತಿತ್ತು, ಎಂಜಿನ್ ಆರಿತ್ತು, ಆದರೂ ಮೇಷ್ಟ್ರ ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕಿನ ಮೇಲೆ ಇದ್ದವು. ಮೇಷ್ಟ್ರು ತಾವೂ ನೋಡಿದರು. ಅವರ ಮುಖದಲ್ಲಿ ಕ್ಷಣಕಾಲ ಕಂಡದ್ದು ಸಿಟ್ಟಲ್ಲ. ತಮ್ಮ ಮನೆಯಲ್ಲಿ ಯಾರೋ ಅಪರಿಚಿತರು ಕೂತಿರುವುದನ್ನು ಕಂಡವರ ಬೆರಗು.

"ನಿಮಗೇನು ಗೊತ್ತು?" ಎಂದರು ಕೊನೆಗೆ. ದನಿ ಇಳಿದಿತ್ತು. "ಹೊಸದರಲ್ಲಿ ನಾನೂ ಕಾಲು ಹಿಂದೆ ಇಟ್ಕೊಂಡೇ ಕೂರ್ತಿದ್ದೆ. ಒಬ್ಬ ಇದೇ ಏರಿನಲ್ಲಿ ಹಿಂದಕ್ಕೆ ಬಿಟ್ಟ. ಆ ಕೆಳಗಿನ ಗೋಡೇವರೆಗೂ ಹೋಯ್ತು ಗಾಡಿ. ಗೋಡೆ ಮುಂದೆ ಒಂದು ಮಗು ಆಡ್ತಿತ್ತು. ಒಂದು ಗೇಣು. ಒಂದೇ ಗೇಣು ಬಾಕಿ ಇತ್ತು. ಅವತ್ತಿಂದ ಕಾಲು ಹಿಂದಕ್ಕೆ ಬರಲ್ಲಮ್ಮಾ. ನಾನಾಗಿ ಇಡೋದಲ್ಲ ಅದು."

ಸೂಜಿಯಕ್ಕನಿಗೆ ಆ ಮಗು ಕಂಡಿತು, ಗೋಡೆ ಕಂಡಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನಷ್ಟು ಸ್ಪಷ್ಟವಾಯಿತು.

"ಹೆದರಿಕೆ ಯಾರಿಗಿಲ್ಲ ಮೇಷ್ಟ್ರೇ? ಮೊದಲನೇ ಸಲ ಸೂಜಿ ಹಿಡಿದಾಗ ನನ್ನ ಕೈ ನಡುಗಿತ್ತು. ನಿಮಗೆ ಹೆದರಿಕೆ ಅಂತ ಹೇಳಿದ್ರೆ ನಾವೇನು ನಗ್ತಿದ್ವಾ? ನಿಮ್ಮ ಹೆದರಿಕೇನ ನಮ್ಮ ಕಾಲಿಗೆ ಕಟ್ಟಿ, ನಮ್ಮನ್ನ ಬೀದೀಲಿ ನಿಲ್ಲಿಸಿದ್ರಲ್ಲ! ನಮ್ಮಕ್ಕ ಒಬ್ಬಳು ನಿಮ್ಮ ಹತ್ರ ಬರ್ತಿದ್ದಳು. ಇಸ್ತ್ರಿ ಅಂಗಡಿಯವಳು. ನೆನಪಿದೆಯಾ?"

ಮೇಷ್ಟ್ರು ಯೋಚಿಸಿದರು. "ಇಸ್ತ್ರಿ ಅಂಗಡಿ... ಯಾರು?"

ಅವರಿಗೆ ನೆನಪಿರಲಿಲ್ಲ. ಸೂಜಿಯಕ್ಕನಿಗೆ ಕಣ್ಣು ಮಂಜಾಯಿತು, ಒರೆಸಿಕೊಳ್ಳಲಿಲ್ಲ. "ಕಾಲು ಮೇಲಿಡಿ," ಎಂದಳು.

ಮೇಷ್ಟ್ರು ಬಗ್ಗಿ ಶೂ ಬಿಚ್ಚಿದರು. ಒಂದು ಕಾಲುಚೀಲದ ತುದಿಯಲ್ಲಿ ಹೆಬ್ಬೆರಳು ಇಣುಕುತ್ತಿತ್ತು. ದೊಡ್ಡ ದೇಹವನ್ನು ಕಷ್ಟದಿಂದ ಹೊರಳಿಸಿ ಕಾಲುಗಳನ್ನು ಸೀಟಿನ ಮೇಲೆ ಮಡಚಿಕೊಂಡರು. ಕೈಗೆ ಕೆಲಸವಿಲ್ಲದೆ ಬಾಗಿಲ ಮೇಲಿನ ಹಿಡಿಯನ್ನು ಬಿಗಿಯಾಗಿ ಹಿಡಿದರು.

ಗಾಡಿ ಹೊರಟಿತು. ಏರಿನ ಅರ್ಧದಲ್ಲಿ, ದಿನಾ ನಿಲ್ಲಿಸುವ ಜಾಗದಲ್ಲಿ, ಸೂಜಿಯಕ್ಕ ನಿಲ್ಲಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಗೇರು ಹಾಕಿ ಕ್ಲಚ್ಚನ್ನು ಮೆಲ್ಲಗೆ ಮೇಲೆ ಬಿಡುತ್ತ ಹೋದಳು. ಪಾದದ ಕೆಳಗೆ ಪೆಡಲ್ ಒಂದು ಕಡೆ ಸಣ್ಣಗೆ ಮಿಡಿಯಿತು. ತೋಳಿನ ಮೇಲೆ ಬೆರಳಾಡಿಸುವಾಗ ನರ ಸಿಕ್ಕ ಹಾಗೆ. ಬ್ರೇಕ್ ಇಳಿಸಿದಳು. ಗಾಡಿ ಯಾರೂ ಸೆರಗು ಹಿಡಿದೆಳೆಯದೆ ಮೇಲೆ ಹತ್ತಿ ಟ್ಯಾಂಕಿನ ಕೆಳಗೆ ಹೋಗಿ ನಿಂತಿತು.

ಗುಮಾಸ್ತರು ಕಿಟಕಿ ಪೂರ್ತಿ ಇಳಿಸಿ ಗಾಳಿ ಎಳೆದುಕೊಂಡರು. ಒಂದು ಸಲ, ಇನ್ನೊಂದು ಸಲ. "ಏನೂ ಇಲ್ಲ," ಎಂದರು ಮೆಲ್ಲಗೆ, ಯಾರೂ ಕೇಳದಿದ್ದರೂ.

"ನಾಳೆ ಬೆಳಿಗ್ಗೆ ಬನ್ನಿ," ಎಂದರು ಮೇಷ್ಟ್ರು, ಮುಂದಿನ ಗಾಜನ್ನೇ ನೋಡುತ್ತ. "ಪರೀಕ್ಷೆಗೆ ಕರ್ಕೊಂಡು ಹೋಗ್ತೀನಿ. ಸಾಕಲ್ಲ?"

"ಬರ್ತೀನಿ. ಸಾಕು ಅಂತ ಹೇಳಲಿಲ್ಲ." ಸೂಜಿಯಕ್ಕ ಗಾಡಿ ತಿರುಗಿಸಿ ಬುಡಕ್ಕೆ ತಂದು ನಿಲ್ಲಿಸಿದಳು. ಇಳಿದು ಹಿಂದಿನ ಬಾಗಿಲು ತೆರೆದಳು. "ಬಾ ತಾಯಿ. ನಿನ್ನ ಸರದಿ."

"ನನ್ನಿಂದ ಆಗಲ್ಲ ಅಕ್ಕಾ," ಎಂದಳು ಔಷಧಿ ಅಂಗಡಿಯಾಕೆ. "ನನ್ನ ಕಾಲೇ ಸರಿ ಇಲ್ಲ."

"ಹಾಗಂತ ಹೇಳಿದವರು ಕಾಲು ಮಡಚಿ ಕೂತಿದಾರೆ. ಬಾ."

ಆಕೆ ಬಂದು ಕೂತಳು. ಸೂಜಿಯಕ್ಕ ಹಿಂದೆ, ಗುಮಾಸ್ತರ ಪಕ್ಕ. ಏರಿನ ಅರ್ಧದಲ್ಲಿ ಗಾಡಿ ನಿಂತಿತು. ಎಂಜಿನ್ ಗುರುಗುಟ್ಟಿತು. ಆಕೆ ಹ್ಯಾಂಡ್‌ಬ್ರೇಕ್ ಒಂದು ಉಸಿರು ಬೇಗ ಇಳಿಸಿದಳೋ ಏನೋ, ಗಾಡಿ ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ಕೆಳಗಿನ ಗೋಡೆ ಕಾಣುತ್ತಿತ್ತು. ಮೇಷ್ಟ್ರ ಬಲಗಾಲು ಸೀಟಿನಿಂದ ತಟಕ್ಕನೆ ಕೆಳಗಿಳಿಯಿತು.

ಇಳಿದು, ಬ್ರೇಕಿನ ಮೇಲೆ ಒಂದು ಬೆರಳಿನಷ್ಟು ಎತ್ತರದಲ್ಲಿ, ನಿಂತಿತು. ಔಷಧಿ ಅಂಗಡಿಯಾಕೆ ತುಟಿ ಕಚ್ಚಿಕೊಂಡು ಎಡಗಾಲನ್ನು ಇನ್ನೊಂದಿಷ್ಟು ಮೇಲೆ ಬಿಟ್ಟಳು. ಎಂಜಿನ್ನಿನ ಸದ್ದು ದಪ್ಪಗಾಯಿತು. ಜಾರುತ್ತಿದ್ದ ಗಾಡಿ ತಡೆದು ನಿಂತು, ಒಮ್ಮೆ ನಡುಗಿ, ಮೇಲಕ್ಕೆ ಹೊರಟಿತು. ಟ್ಯಾಂಕಿನ ನೆರಳು ಮುಂದಿನ ಗಾಜಿನ ಮೇಲೆ ಹರಿದು ಒಳಗೆ ಬರುವವರೆಗೂ ಆ ಕಾಲು, ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ, ಏನನ್ನೂ ಮುಟ್ಟದೆ ಗಾಳಿಯಲ್ಲಿ ನಡುಗುತ್ತಿತ್ತು.